ಪೀಣ್ಯದ ಲೇಸರ್, ಮಳೆಗಾಲದ ಲಾಕ್

"ಮಾಟ್ ಏನೋ ಬರುತ್ತಪ್ಪ, ಆದರೆ ಜೂನ್ ಬಂದರೆ ನಿನ್ನ ಲೇಸರ್ ಲಾಕ್ ನಿಲ್ಲಲ್ಲ" ಎಂದು ಅನುದಾನ ಸಮಿತಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಹೇಳಿದ್ದರು. ಮಾಟ್ (MOT) ಅಂದರೆ ಲೇಸರ್ ಮತ್ತು ಕಾಂತಕ್ಷೇತ್ರದಿಂದ ಪರಮಾಣುಗಳನ್ನು ತಣ್ಣಗಾಗಿಸಿ ಹಿಡಿದಿಡುವ ಬಲೆ, ನಮ್ಮದು ರುಬಿಡಿಯಂನದು. ಲಾಕ್ ಅಂದರೆ ಲೇಸರ್‌ನ ಆವರ್ತನವನ್ನು ಪರಮಾಣುವಿನ ಗೆರೆಗೆ ಕಟ್ಟಿಹಾಕುವುದು. ಅವರ ಪ್ರಕಾರ ಇದಕ್ಕೆ ಬೇಕಾದ 780 ನ್ಯಾನೋಮೀಟರ್ ಲೇಸರ್ ಹೊರದೇಶದಿಂದಲೇ ಬರಬೇಕು. ನಾವು ಕಟ್ಟಿದ ಲೇಸರ್‌ಗಳು ಈಗ ಎರಡು ಮಳೆಗಾಲ ಕಂಡಿವೆ. ಬೆಳಿಗ್ಗೆ ಲಾಕ್ ಹಾಕಿದರೆ ಸಂಜೆ ನಾವಾಗಿ ಬಿಡಿಸುವವರೆಗೆ ಅಲ್ಲಾಡುವುದಿಲ್ಲ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ನಾನು ಪೋಸ್ಟ್‌ಡಾಕ್ ಮಾಡಿದ ಕಡೆ ಲೇಸರ್ ಬೇಕೆಂದರೆ ಪೆಟ್ಟಿಗೆ ಒಡೆದು ಪ್ಲಗ್ ಹಾಕುವುದಷ್ಟೇ ಕೆಲಸ. ಇಲ್ಲಿಗೆ ಬಂದು ಕೊಟೇಶನ್ ತರಿಸಿದೆ. ಕಂಟ್ರೋಲರ್ ಸೇರಿ ಒಂದಕ್ಕೆ ಇಪ್ಪತ್ತು ಲಕ್ಷದ ಮೇಲೆ. ತಣ್ಣಗಾಗಿಸಲು (ಕೂಲಿಂಗ್) ಒಂದು, ದಾರಿ ತಪ್ಪಿದ ಪರಮಾಣುಗಳನ್ನು ವಾಪಸ್ಸು ತರಲು (ರಿಪಂಪ್) ಒಂದು, ಕೆಟ್ಟರೆ ಇರಲಿ ಎಂದು ಇನ್ನೊಂದು, ಹೀಗೆ ಮೂರು ಬೇಕು. 2022ರಲ್ಲಿ ಸಂಶೋಧನಾ ಉಪಕರಣಗಳ ಮೇಲಿನ ಜಿಎಸ್‌ಟಿ 5ರಿಂದ 18ಕ್ಕೆ ಏರಿದ್ದೂ ಆಗಲೇ. ನನ್ನ ಕೈಯಲ್ಲಿದ್ದ ಹಣಕ್ಕೆ ಒಂದೂವರೆ ಲೇಸರ್ ಬರುತ್ತಿತ್ತು.

ಮೊದಲು ಎಲ್ಲರಂತೆ ಲಿಟ್ರೋ ಕಟ್ಟಿದೆವು, ಅಂದರೆ ಮಿಲಿಮೀಟರ್‌ಗೆ 1800 ಗೆರೆಯ ಗ್ರೇಟಿಂಗ್ ಹಾಕಿ ಬೆಳಕಿನ ಒಂದು ಪಾಲನ್ನು ಡಯೋಡ್‌ಗೇ ಹಿಂದಿರುಗಿಸುವ ಲೇಸರ್. ಚಳಿಗಾಲದಲ್ಲಿ ಚೆನ್ನಾಗಿಯೇ ಓಡಿತು. ಏಪ್ರಿಲ್‌ನಲ್ಲಿ ಏಸಿ ಕಂಪ್ರೆಸರ್ ಆನ್ ಆದಾಗಲೆಲ್ಲ ಮೋಡ್ ಹಾಪ್, ಅಂದರೆ ಲೇಸರ್‌ನ ಆವರ್ತನ ಥಟ್ಟನೆ ಬೇರೆ ಕಡೆ ಜಿಗಿಯುವುದು. ಮಳೆ ಶುರುವಾದ ಮೇಲೆ ಇನ್ನೊಂದು ಕಾಟ. ಅಗ್ಗಕ್ಕೆ ಸಿಗುವ ಲೇಸರ್ ಡಯೋಡ್‌ಗಳು 784, 785 ನ್ಯಾನೋಮೀಟರ್ ಹತ್ತಿರ ಇರುತ್ತವೆ. ರುಬಿಡಿಯಂಗೆ ಬೇಕಾದ 780.24ಕ್ಕೆ ಇಳಿಸಲು 10-12 ಡಿಗ್ರಿಗೆ ತಣ್ಣಗೆ ಮಾಡಬೇಕು. ಜುಲೈನಲ್ಲಿ ಬೆಂಗಳೂರಿನ ಗಾಳಿ 19-20 ಡಿಗ್ರಿಯಲ್ಲೇ ನೀರು ಬಿಡುತ್ತದೆ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಬೆಳಕನ್ನು ನೇರ ಕಿರಣವಾಗಿಸುವ ಕಾಲಿಮೇಶನ್ ಲೆನ್ಸ್ ಮೇಲೆ ಸಣ್ಣ ಸಣ್ಣ ಹನಿ, ಡಯೋಡ್ ಕ್ಯಾನ್ ಸುತ್ತ ಒದ್ದೆ ಉಂಗುರ. ಆ ವರ್ಷ ಡಯೋಡ್‌ಗೇ ಮೂವತ್ತು ಮೂವತ್ತೈದು ಸಾವಿರ ಹೋಗಿರಬೇಕು.

ಒಳಗೆ ತೇವ ಬರದಿರಲು ಸಿಲಿಕಾ ಜೆಲ್, ಓ-ರಿಂಗ್, ನೈಟ್ರೋಜನ್ ಎಲ್ಲ ನೋಡಿದೆವು. ಉಪಯೋಗಕ್ಕೆ ಬಂದದ್ದು ಬೇರೆ. ಇಪ್ಪತ್ತು ಚಿಲ್ಲರೆ ಡಯೋಡ್ ಒಟ್ಟಿಗೆ ತರಿಸಿ, 25 ಡಿಗ್ರಿಯಲ್ಲಿ ಒಂದೊಂದನ್ನೇ ಅಳೆದು, 782ಕ್ಕಿಂತ ಕೆಳಗಿದ್ದವನ್ನು ಮಾತ್ರ ಇಟ್ಟುಕೊಂಡೆವು. ನಾಲ್ಕೈದು ಸಿಕ್ಕವು. ಇವನ್ನು 21-22 ಡಿಗ್ರಿಯಲ್ಲಿ ಇಟ್ಟರೆ ಸಾಕು, ಉಳಿದದ್ದನ್ನು ಕ್ಯಾವಿಟಿ, ಅಂದರೆ ಡಯೋಡ್‌ನ ಹೊರಗೆ ಬೆಳಕು ಹೋಗಿ ಬರುವ ಜೋಡಣೆ, ಎಳೆದುಕೊಳ್ಳುತ್ತದೆ. ಇಬ್ಬನಿಯ ಪ್ರಶ್ನೆಯೇ ಇಲ್ಲ. ಮಿಕ್ಕವು ಎಂಎಸ್ಸಿ ಲ್ಯಾಬ್‌ಗೆ ಹೋದವು.

ಗ್ರೇಟಿಂಗ್ ಬಿಟ್ಟು ಇಂಟರ್‌ಫಿಯರೆನ್ಸ್ ಫಿಲ್ಟರ್‌ಗೆ, ಅಂದರೆ ಬೇಕಾದ ತರಂಗಾಂತರವನ್ನಷ್ಟೇ ಬಿಡುವ ಗಾಜಿಗೆ, ಹೋದದ್ದು ಎರಡನೇ ತಿರುವು. ಇದರ ಜೊತೆಗಿನ ಕ್ಯಾಟ್ಸ್ ಐ ಜೋಡಣೆಯಲ್ಲಿ (ಲೆನ್ಸ್‌ನ ಫೋಕಸ್‌ನಲ್ಲಿ ಕನ್ನಡಿ) ಕನ್ನಡಿ ಕೊಂಚ ವಾಲಿದರೂ ಬೆಳಕು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಫಿಲ್ಟರ್ ಮಾತ್ರ ಇಲ್ಲಿ ಸಿಗಲಿಲ್ಲ. ಒಂದೆರಡು ಕೇಳಿದರೆ ಯಾರೂ ಕೋಟಿಂಗ್ ಹಾಕಿಕೊಡುವುದಿಲ್ಲ, ಹಾಗಾಗಿ ಮೂರು ಲ್ಯಾಬ್‌ನವರು ಸೇರಿ ತರಿಸಿ ಹಂಚಿಕೊಂಡೆವು. ಲೇಸರ್‌ನ ಬಾಡಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಆಯಿತು. ಪಿಜ಼ೋ (ವೋಲ್ಟೇಜ್ ಕೊಟ್ಟರೆ ಕೊಂಚ ಹಿಗ್ಗುವ ಬಿಲ್ಲೆ) ಕೂರುವ ಫ್ಲೆಕ್ಸರ್‌ನ, ಅಂದರೆ ಬಾಗುವ ತೆಳು ಭಾಗದ, ಡ್ರಾಯಿಂಗ್ ನೋಡಿದ ವರ್ಕ್‌ಶಾಪ್ ಮಾಲೀಕರು, "ಸಾರ್, ಇದು ಮಿಲ್ಲಿಂಗ್‌ಗೆ ಬರಲ್ಲ, ವೈರ್‌ಕಟ್ ಹಾಕ್ಸಿ, ಮೂಲೆ ಚೂಪು ಬಿಡ್ಬೇಡಿ, ಸೀಳ್ಕೊಳ್ಳುತ್ತೆ" ಅಂದರು. ಅವರು ಹೇಳಿದ ಹಾಗೆ ಮೂಲೆ ದುಂಡಗೆ ಮಾಡಿಸಿದೆವು. ಇವತ್ತಿನವರೆಗೆ ಒಂದೂ ಸೀಳಿಲ್ಲ.

ಲೆನ್ಸ್ ಅಂಟಿಸುವ ವಿಷಯಕ್ಕೆ ಬಂದರೆ, ಅಂಟು ಒಣಗುವಾಗ ಫೋಕಸ್ ಜಾರದಂತೆ ಹಿಡಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ಕಂಡುಹಿಡಿದ ವಿದ್ಯಾರ್ಥಿನಿಯ ಥೀಸಿಸ್ ಇನ್ನೂ ಮುಗಿದಿಲ್ಲ.

ಡಯೋಡ್‌ಗೆ ಕರೆಂಟ್ ಕೊಡುವ ಡ್ರೈವರ್, ಕಡಿಮೆ ನಾಯ್ಸ್‌ಗೆ ಹೆಸರಾದ ಹಳೆಯ ಲಿಬ್‌ಬ್ರೆಕ್ಟ್-ಹಾಲ್ ಸರ್ಕ್ಯೂಟ್. ಬಿಡಿಭಾಗ ಬಹುಪಾಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌.ಪಿ. ರೋಡಿನವು, ಕರೆಂಟ್ ಸೆನ್ಸ್ ಮಾಡುವ ರೆಸಿಸ್ಟರ್ ಒಂದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಎರಡು ಲೇಸರ್‌ಗಳ ಬೆಳಕು ಸೇರಿಸಿ (ಬೀಟ್ ಮಾಡಿ) ನೋಡಿದರೆ ಆವರ್ತನದ ಅಗಲ ಇನ್ನೂರು ಕಿಲೋಹರ್ಟ್ಜ್ ಒಳಗೆ. ರುಬಿಡಿಯಂ ಗೆರೆಯೇ 6 ಮೆಗಾಹರ್ಟ್ಜ್ ಅಗಲ ಇರುವಾಗ ಇದು ಧಾರಾಳ. ರುಬಿಡಿಯಂನ ಎರಡು ಗೆರೆಗಳ ನಡುಮಧ್ಯೆ ಕಾಣುವ ಗುರುತಿಗೆ (2-3 ಕ್ರಾಸ್‌ಓವರ್) ಲಾಕ್ ಹಾಕಿ, ಕೂಲಿಂಗ್ ಗೆರೆಗಿರುವ 133 ಮೆಗಾಹರ್ಟ್ಜ್ ವ್ಯತ್ಯಾಸವನ್ನು ಎಒಎಂ, ಅಂದರೆ ಶಬ್ದದ ಅಲೆಯಿಂದ ಬೆಳಕಿನ ಆವರ್ತನ ಸರಿಸುವ ಸಾಧನದಲ್ಲಿ, ಎರಡು ಸಲ ಹಾಯಿಸಿ ತುಂಬಿಕೊಳ್ಳುತ್ತೇವೆ.

ಲೇಸರ್‌ಗಿಂತ, ಪರಮಾಣುಗಳನ್ನು ಹಿಡಿಯಲು ಬೇಕಾದ ವ್ಯಾಕ್ಯೂಮ್ (ನಿರ್ವಾತ) ನಮ್ಮನ್ನು ಹೆಚ್ಚು ಕಾಡಿತು. ಹೊರಗೆ ವೆಲ್ಡ್ ಮಾಡಿಸಿದ ಒಂದು ಜಾಯಿಂಟ್, ಒಳಗಿನ ತೇವ ಹೋಗಲೆಂದು ಬಿಸಿ (ಬೇಕ್) ಮಾಡಿದ ಮೇಲೆ ಸೋರತೊಡಗಿತು. ಮಾಡಿಕೊಟ್ಟವರು, ನಿಮ್ಮ ಗ್ಯಾಸ್ಕೆಟ್‌ದೇ ತಪ್ಪು ಎಂದು ಮೂರು ತಿಂಗಳು ವಾದಿಸಿದರು. ಹೀಲಿಯಂ ಲೀಕ್ ಡಿಟೆಕ್ಟರ್ ಬಾಡಿಗೆಗೆ ತಂದು, ವೆಲ್ಡ್ ಮೇಲೆ ಹೀಲಿಯಂ ಬಿಟ್ಟು, ಮುಳ್ಳು ಏರುವುದನ್ನು ಅವರ ಎದುರೇ ತೋರಿಸಿದೆವು. ಆಮೇಲೆ ಸುಮ್ಮನೆ ಹೊಸದು ಕೊಟ್ಟರು, ಬಾಡಿಗೆ ಮಾತ್ರ ನಮ್ಮ ತಲೆಗೆ ಬಂತು. ಮಾಟ್‌ಗೆ ಕಾಂತಕ್ಷೇತ್ರ ಕೊಡುವ ಕಾಯಿಲ್ ಸುತ್ತಿಕೊಟ್ಟದ್ದು ಮೋಟಾರ್ ರಿವೈಂಡಿಂಗ್ ಅಂಗಡಿಯವರು, ತಾಮ್ರದ ತಂತಿ ಬಿಟ್ಟರೆ ಕೂಲಿ ಒಂದು ಸಾವಿರ ಚಿಲ್ಲರೆ. ಸುತ್ತು ಅಷ್ಟು ಒಪ್ಪವಾಗಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮಧ್ಯೆ ಒಂದು ತಮಾಷೆ. ಯುವಿ ಬೆಳಕು ಬಿದ್ದರೆ ಗಾಜಿನ ಗೋಡೆಗೆ ಅಂಟಿದ ರುಬಿಡಿಯಂ ಬಿಟ್ಟುಕೊಂಡು ಬರುತ್ತದೆ, ಗೊತ್ತಿರುವ ವಿಷಯವೇ. ಬ್ಯೂಟಿ ಪಾರ್ಲರ್‌ನಲ್ಲಿ ನೇಲ್ ಪಾಲಿಶ್ ಒಣಗಿಸುವ ಲ್ಯಾಂಪ್ ಆರೇಳು ನೂರಕ್ಕೆ ತಂದು ವ್ಯಾಕ್ಯೂಮ್‌ನ ಗಾಜಿನ ಸೆಲ್ ಪಕ್ಕ ಇಟ್ಟೆವು. ರುಬಿಡಿಯಂ ಆವಿ ಬಿಡುವ ಡಿಸ್ಪೆನ್ಸರ್ ಆಫ್ ಇದ್ದರೂ ಪರಮಾಣುಗಳ ಹೊಳಪು (ಫ್ಲೋರೊಸೆನ್ಸ್) ಎರಡು ಮೂರು ಪಟ್ಟು ಜಾಸ್ತಿಯಾಯಿತು. ಲ್ಯಾಂಪ್ ಆರಿಸಿದರೆ ಒತ್ತಡ ಬೇಗ ಇಳಿಯುತ್ತದೆ ಅನ್ನುವುದು ಇನ್ನೂ ದೊಡ್ಡ ಲಾಭ. ಟೈಮರ್ 60 ಸೆಕೆಂಡಿಗೆ ತಾನೇ ಆಫ್ ಆಗುವುದನ್ನು ತಪ್ಪಿಸಲು ಒಳಗಿನ ಚಿಪ್ ಕಿತ್ತುಹಾಕಬೇಕಾಯಿತು.

ಈಗ ಮಾಟ್ ಕಡಲೆಕಾಳಿನಷ್ಟಿದೆ, ಹತ್ತು ಕೋಟಿ ಪರಮಾಣುಗಳ ಆಸುಪಾಸು. ಡಾಪ್ಲರ್ ಮಿತಿ, ಅಂದರೆ ಸರಳ ಲೇಸರ್ ಕೂಲಿಂಗ್‌ನಲ್ಲಿ ತಲುಪಬಹುದಾದ ಕನಿಷ್ಠ ತಾಪ, 146 ಮೈಕ್ರೋಕೆಲ್ವಿನ್. ಅಡ್ಡ ಕಾಂತಕ್ಷೇತ್ರವನ್ನು ಮೂರು ಜೊತೆ ಕಾಯಿಲ್‌ನಿಂದ ರದ್ದು ಮಾಡಿ ಮೊಲಾಸಸ್ (ಲೇಸರ್‌ನಿಂದಲೇ ಇನ್ನಷ್ಟು ತಣ್ಣಗಾಗಿಸುವ ಹಂತ) ಕೊಟ್ಟರೆ, ಬಿಟ್ಟ ಪರಮಾಣುಗಳು ಹರಡುವುದನ್ನು ಅಳೆಯುವ ಟೈಮ್ ಆಫ್ ಫ್ಲೈಟ್‌ನಲ್ಲಿ 30 ಮೈಕ್ರೋಕೆಲ್ವಿನ್ ಹತ್ತಿರ ಬರುತ್ತಿದೆ. ಒಂದೊಂದು ಲೇಸರ್‌ಗೆ ಡ್ರೈವರ್ ಸೇರಿ ಒಂದೂಮುಕ್ಕಾಲು, ಹೆಚ್ಚೆಂದರೆ ಎರಡು ಲಕ್ಷ. ವಿದ್ಯಾರ್ಥಿಗಳ ವರ್ಷಗಳನ್ನು ಲೆಕ್ಕಕ್ಕೆ ಹಿಡಿದರೆ ಅಷ್ಟು ಅಗ್ಗವಲ್ಲ ಎಂದು ನಮ್ಮ ವಿಭಾಗದವರೊಬ್ಬರು ಕುಟುಕುತ್ತಾರೆ. ಆದರೆ ಆ ವಿದ್ಯಾರ್ಥಿಗಳು ಲೇಸರ್ ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿಯುತ್ತಾರೆ, ಸರ್ವಿಸ್ ಇಂಜಿನಿಯರ್‌ಗಾಗಿ ಕಾಯುವುದಿಲ್ಲ.

2023ರಲ್ಲಿ ಆರು ಸಾವಿರ ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ ಘೋಷಣೆಯಾದ ಮೇಲೆ ಲೇಸರ್ ಕಟ್ಟುವುದು ಹೇಗೆಂದು ವಿಚಾರಿಸುವವರು ಹೆಚ್ಚಾಗಿದ್ದಾರೆ. ನಮ್ಮ ಮುಂದಿನ ಕೆಲಸ ಗ್ರಾವಿಮೀಟರ್, ಅಂದರೆ ತಣ್ಣನೆಯ ಪರಮಾಣುಗಳಿಂದ ಗುರುತ್ವ ಅಳೆಯುವ ಸಾಧನ. ಅದಕ್ಕೆ 6.8 ಗಿಗಾಹರ್ಟ್ಜ್ ಅಂತರದಲ್ಲಿ ಎರಡು ಲೇಸರ್‌ಗಳ (ರಾಮನ್ ಲೇಸರ್) ಅಲೆಗಳನ್ನು ಒಂದೇ ಲಯದಲ್ಲಿ ಹಿಡಿದಿಡಬೇಕು, ಅಂದರೆ ಫೇಸ್ ಲಾಕ್ ಮಾಡಬೇಕು. ಅದೂ ಈ ಲೇಸರ್‌ನಲ್ಲಿ ಆಗಲ್ಲ ಎಂದು ಆಗಲೇ ಇಬ್ಬರು ಹೇಳಿದ್ದಾರೆ. ಬಾಡಿಯ ಡ್ರಾಯಿಂಗ್ ಬೇಕಾದವರು ಕೇಳಿ, ಕೊಡುತ್ತೇನೆ. ಡಯೋಡ್ ಮಾತ್ರ ನೀವೇ ಅಳೆದು ಆರಿಸಿಕೊಳ್ಳಿ.