ಜೋಡಿ ಬೇಡ, ಹಿಂಡು ತನ್ನಿ

ಮುಂಬಯಿಯ ಅಕ್ವೇರಿಯಂ ಅಂಗಡಿಗಳಲ್ಲಿ ಸಣ್ಣ ಮೀನಿಗೆ ದರ ಹೇಳುವುದು ಜೋಡಿ ಲೆಕ್ಕದಲ್ಲಿ. ನಾವೂ ಒಂದು ಜೋಡಿ ನಿಯಾನ್ ಟೆಟ್ರಾ, ಒಂದು ಜೋಡಿ ಜೀಬ್ರಾ, ಒಂದು ಜೋಡಿ ಬಾರ್ಬ್ ಎಂದು ಮದುವೆ ಊಟದೆಲೆಯಂತೆ ಎಲ್ಲದರಲ್ಲೂ ಒಂದಿಷ್ಟು ಹಾಕಿಸಿಕೊಂಡು ಬರುತ್ತೇವೆ. ಇವೆಲ್ಲ ಹಿಂಡಿನ ಮೀನುಗಳು. ಸ್ವಜಾತಿಯ ಜೊತೆಗಾರರಿಲ್ಲದಿದ್ದರೆ ಟೆಟ್ರಾ ಮೂಲೆ ಹಿಡಿದು ಬಣ್ಣಗೆಡುತ್ತದೆ, ಟೈಗರ್ ಬಾರ್ಬ್ ಉಳಿದವುಗಳ ರೆಕ್ಕೆ ಕಚ್ಚುತ್ತದೆ. ಒಂದೇ ಜಾತಿಯವು ಕನಿಷ್ಠ ಆರು, ಜಾಗವಿದ್ದರೆ ಹತ್ತು ತನ್ನಿ.

ಮೊದಲು ಟ್ಯಾಂಕ್. ಇವು ಅಡ್ಡಡ್ಡ ಈಜುವ ಮೀನುಗಳಾದ್ದರಿಂದ ಎತ್ತರಕ್ಕಿಂತ ಉದ್ದ ಮುಖ್ಯ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರಿನ ಭಾರವೇ 50 ಕಿಲೋ. ಪ್ಲಾಸ್ಟಿಕ್ ಸ್ಟೂಲ್ ತಡೆಯದು.

ಪಾಲಿಕೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಆ್ಯಂಟಿ-ಕ್ಲೋರಿನ್ ಹನಿ ಹಾಕಿ. ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಕ್ಲೋರಿನ್ ಸುಲಭವಾಗಿ ಹೋಗುವುದಿಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಮೀನಿನ ಹೇಲು, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವು ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದ ಟ್ಯಾಂಕಿಗೇ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಆಹಾರ ಹಾಕಿ. ಮನೆಗೆ ಬಂದವರು ನಗಲಿ ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಅಂಗಡಿಗೆ ಹೊರಡಿ. ಸ್ಪಂಜನ್ನು ಎಂದೂ ನಲ್ಲಿಯ ಕೆಳಗೆ ಹಿಡಿಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಯಾವ ಮೀನು? ಎಲ್ಲರ ಕಣ್ಣು ನಿಯಾನ್ ಮೇಲೆ. ಆದರೆ ಅದಕ್ಕೆ 26 ಡಿಗ್ರಿ ದಾಟಿದ ನೀರು ಹಿಡಿಸದು; ಮೇ ತಿಂಗಳಲ್ಲಿ ಡೊಂಬಿವಲಿಯ ಮೇಲ್ಮಹಡಿಯ ಫ್ಲಾಟಿನಲ್ಲಿ ನೀರು 30 ಮುಟ್ಟುವುದು ಕಷ್ಟವೇನಲ್ಲ. ಮೊದಲ ಸಲಕ್ಕೆ ನನ್ನ ಓಟು ಜೀಬ್ರಾಗೆ. ನಮ್ಮ ದೇಶದ್ದೇ ಹೊಳೆ ಮೀನು, ಗಟ್ಟಿ ಜೀವ. ಸೆಕೆಗೆ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಫ್ಯಾನ್ ಬಿಡಿ. ಬಲೆ ಮರೆತರೆ ಜೀಬ್ರಾ ನೆಲಕ್ಕೆ ಹಾರುತ್ತದೆ.

ತಂದ ಚೀಲವನ್ನು 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ, ನಡುನಡುವೆ ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪ ಬೆರೆಸಿ, ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಿ. ಅಂಗಡಿಯ ನೀರು ಚೆಲ್ಲಿ. ಆ ದಿನ ಲೈಟ್ ಬೇಡ. ಮುಂದೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರಾಯಿತು.

ಬಾಯಿ ಚಿಕ್ಕದು, ಆಹಾರವನ್ನು ಬೆರಳಲ್ಲಿ ಪುಡಿ ಮಾಡಿ ಹಾಕಿ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ಊರಿಗೆ ಹೊರಟರೆ ಮೂರ್ನಾಲ್ಕು ದಿನ ಉಪವಾಸವಿದ್ದರೂ ಚಿಂತೆಯಿಲ್ಲ. ಹೆಚ್ಚು ದಿನವಾದರೆ ಚಿಟಿಕೆ ಚಿಟಿಕೆಯಾಗಿ ಪೊಟ್ಟಣ ಕಟ್ಟಿ ಪಕ್ಕದ ಮನೆಯವರಿಗೆ ಕೊಡಿ, ಡಬ್ಬಿಯನ್ನು ಮಾತ್ರ ಅವರ ಕೈಗೆ ಸಿಗದಂತೆ ಎತ್ತಿಡಿ.