ಮೂರರ ಲೆಕ್ಕಕ್ಕೆ ಸಿಗದ ತಪ್ಪುಗಳು: ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್ ಅಳೆದ ನನ್ನ ಅನುಭವ

ಕಾರ್ಕಳದ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ರಕ್ತಹೀನತೆಯನ್ನು ಕುರಿತು ನಡೆದ ಒಂದು ಅಧ್ಯಯನದಲ್ಲಿ ನಾನು ಪ್ರಯೋಗಾಲಯದ ತಂತ್ರಜ್ಞೆಯಾಗಿ ಎರಡು ವರ್ಷ ಕೆಲಸ ಮಾಡಿದೆ. ನನ್ನ ಪಾಲಿಗೆ ಬಂದದ್ದು ಎರಡೇ ಅಳತೆಗಳು: ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಎಂಬುದು ಮತ್ತು ಒಟ್ಟು ರಕ್ತದ ಪ್ರಮಾಣದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಎಂಬುದು. ಎರಡನೆಯದನ್ನು ಹೆಮಟೋಕ್ರಿಟ್ ಎಂದು ಬರೆಯುತ್ತೇವೆ, ಲ್ಯಾಬಿನ ಮಾತಿನಲ್ಲಿ ಪಿಸಿವಿ ಎನ್ನುತ್ತೇವೆ. ಇಡೀ ಯೋಜನೆಯಲ್ಲಿ ಅತ್ಯಂತ ಸುಲಭದ ಕೆಲಸ ನನ್ನದೇ ಎಂದು ಮೊದಲ ತಿಂಗಳು ಪ್ರಾಮಾಣಿಕವಾಗಿ ನಂಬಿದ್ದೆ.

ಓದುವಾಗ ನಾವು ಕಲಿತದ್ದು ಸಾಹ್ಲಿ ವಿಧಾನ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 20 ಮೈಕ್ರೋಲೀಟರ್ ರಕ್ತ ಬಿಟ್ಟು, 10 ನಿಮಿಷ ಕಾದು, ಕಂದು ಬಣ್ಣ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿ ಹನಿಯಾಗಿ ನೀರು ಸೇರಿಸುತ್ತಾ ಹೋಗುವುದು. ಕಿಟಕಿಯ ಬೆಳಕು, ನೋಡುವವರ ಕಣ್ಣು, ಕೊನೆಯ ಹನಿ ಹಾಕಬೇಕೋ ಬೇಡವೋ ಎಂಬ ಅನುಮಾನ, ಇವೆಲ್ಲ ಸೇರಿ ಒಂದೇ ರಕ್ತಕ್ಕೆ ಇಬ್ಬರು ಎರಡು ಉತ್ತರ ಕೊಡುವುದು ಅಲ್ಲಿ ಮಾಮೂಲು. ಸಂಶೋಧನೆಗೆ ಅದು ಸಾಲದು. ಆದ್ದರಿಂದ ನಮ್ಮ ಅಧ್ಯಯನದ ಆಧಾರ ವಿಧಾನವಾಗಿ ಸಯನ್‌ಮೆಟ್‌ಹಿಮೋಗ್ಲೋಬಿನ್ ವಿಧಾನವನ್ನು ಇಟ್ಟುಕೊಂಡೆವು. ಹಿಮೋಗ್ಲೋಬಿನ್ನನ್ನು ಸ್ಥಿರ ಬಣ್ಣದ ರೂಪಕ್ಕೆ ತಿರುಗಿಸುವ ಡ್ರಾಬ್ಕಿನ್ ದ್ರಾವಣ 5 ಮಿಲಿಲೀಟರ್, ಅದಕ್ಕೆ 20 ಮೈಕ್ರೋಲೀಟರ್ ರಕ್ತ, ಅಂದರೆ 251 ಪಾಲಿನಲ್ಲಿ ಒಂದು ಪಾಲು. ಬಣ್ಣ ನಿಂತ ಮೇಲೆ 540 ನ್ಯಾನೋಮೀಟರ್ ಬೆಳಕಿನಲ್ಲಿ ಓದುವುದು. ಇದರಲ್ಲಿ ಪಿಪೆಟಿನ ತುದಿಯ ಹೊರಗೆ ಅಂಟಿದ ರಕ್ತವನ್ನು ಒರೆಸದಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಒರೆಸುವಾಗ ಕಾಗದ ತುದಿಯ ಬಾಯಿಗೆ ತಾಗಿದರೆ ಒಳಗಿನ ರಕ್ತವನ್ನೇ ಹೀರಿಕೊಳ್ಳುತ್ತದೆ. ದ್ರಾವಣದಲ್ಲಿ ಸಯನೈಡ್ ಇರುವುದರಿಂದ ಅದನ್ನು ಕಂದು ಬಾಟಲಿಯಲ್ಲಿ ಬೇರೆಯಾಗಿಟ್ಟು, ಉಳಿದದ್ದು ಎಂದಿಗೂ ಆಮ್ಲದ ಜೊತೆ ಸೇರದಂತೆ ನೋಡಿಕೊಳ್ಳುತ್ತಿದ್ದೆವು, ಏಕೆಂದರೆ ಸೇರಿದರೆ ಏಳುವುದು ವಿಷಾನಿಲ.

ಆದರೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಹೀಗೆ ಬೆಳಕು ಹಾಯಿಸಿ ಓದುವ ಫೋಟೋಮೀಟರ್ ಇಟ್ಟು ಕೂರಲು ಆಗುವುದಿಲ್ಲ. ಅಲ್ಲಿಗೆ ಕೈಯಲ್ಲಿ ಹಿಡಿಯುವ ಹಿಮೋಗ್ಲೋಬಿನ್ ಮೀಟರನ್ನು ಒಯ್ದು, ಬೆರಳು ಚುಚ್ಚಿ, ಕ್ಯುವೆಟ್ ಎಂಬ, ಒಳಗೆ ಒಣ ರಾಸಾಯನಿಕವಿರುವ ಸಣ್ಣ ಕೋಶಕ್ಕೆ ರಕ್ತ ಹೀರಿಸಿ ಓದುವುದೆಂದು ತೀರ್ಮಾನವಾಗಿತ್ತು. ಅಲ್ಲಿಂದಲೇ ನನ್ನ ತೊಂದರೆ ಶುರುವಾಯಿತು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ವರ್ಷಗಟ್ಟಲೆ ಬೀಜ ಒಡೆದ ಬೆರಳುಗಳ ತುದಿ ಕಪ್ಪಾಗಿ, ದಪ್ಪಗಟ್ಟಿ, ಲ್ಯಾನ್ಸೆಟ್ಟಿನ ಮೊನೆಗೆ ಸುಲಭವಾಗಿ ಬಗ್ಗುವುದಿಲ್ಲ. ಹನಿ ಮೂಡದಿದ್ದಾಗ ನಾವು ಬೆರಳನ್ನು ಹಿಂಡುತ್ತಿದ್ದೆವು. ಐವತ್ತು ದಾಟಿದ ಒಬ್ಬರು ನನ್ನ ಕೈಯನ್ನೇ ನೋಡುತ್ತಾ, "ಎಂಥದು ಮೇಡಂ, ತೆಂಗಿನಕಾಯಿಯ ಹಾಲು ಹಿಂಡಿದ ಹಾಗೆ ಹಿಂಡುತ್ತೀರಲ್ಲ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಲ್ಯಾಬಿನಲ್ಲಿ ಅವರದೇ ತೋಳಿನ ಅಭಿಧಮನಿಯಿಂದ ತೆಗೆದ ರಕ್ತವನ್ನು ಓದಿದಾಗ ಹಿಮೋಗ್ಲೋಬಿನ್ 11.9 ಬಂತು, ಬೆರಳಿನದು 10.4 ಎಂದು ಬೆಳಗ್ಗೆ ನಾನೇ ಬರೆದಿದ್ದೆ. ಹಿಂಡಿದಾಗ ಬೆರಳಿನ ಅಂಗಾಂಶದ ದ್ರವವೂ ರಕ್ತದೊಡನೆ ಇಳಿದು ಬರುತ್ತದೆ. ನಾನು ಅಳೆದದ್ದು ಎರಡನೆಯ ಹಾಲನ್ನು.

ಇಂಥ ತಪ್ಪು ಕಣ್ಣಿಗೆ ಬೀಳಬೇಕಾದ ಜಾಗವೊಂದಿದೆ ಎಂದು ನಾನು ತಿಳಿದಿದ್ದೆ. ಹಿಮೋಗ್ಲೋಬಿನ್ನನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೆಮಟೋಕ್ರಿಟ್ ಸಿಗಬೇಕು, ಮೂರು ಅಂಶದಷ್ಟು ಆಚೀಚೆ ಆಗಬಹುದು ಎಂಬ ಲೆಕ್ಕ ಪ್ರತಿ ಲ್ಯಾಬಿನವರ ಬಾಯಲ್ಲಿದೆ. ಹಿಮೋಗ್ಲೋಬಿನ್ 13 ಇದ್ದರೆ ಪಿಸಿವಿ 39ರ ಸುಮಾರು; ಹೊಂದದಿದ್ದರೆ ಮಾದರಿಯನ್ನು ಮತ್ತೆ ನೋಡು ಎನ್ನುವುದು ರೂಢಿ. ನಾನೂ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಎಳೆದು, ಲೆಕ್ಕಕ್ಕೆ ಹೊಂದದ ಸಾಲುಗಳಿಗೆ ಕೆಂಪು ಗೆರೆ ಹಾಕುತ್ತಿದ್ದೆ. ಆದರೆ ಹಿಂಡಿದ ಬೆರಳಿನಿಂದಲೇ ಪಿಸಿವಿಗೆ ಬೇಕಾದ ಸಪೂರ ಕ್ಯಾಪಿಲರಿ ನಳಿಕೆಯನ್ನೂ ತುಂಬಿಸಿದ್ದ ಸಾಲುಗಳಲ್ಲಿ ಒಂದಕ್ಕೂ ಕೆಂಪು ಗೆರೆ ಬಿದ್ದಿರಲಿಲ್ಲ. ಕಾರಣ ಸರಳವೇ ಆದರೂ ಹೊಳೆಯಲು ವಾರ ಹಿಡಿಯಿತು: ದ್ರವ ಬೆರೆತರೆ ಹಿಮೋಗ್ಲೋಬಿನ್ ಇಳಿಯುವಷ್ಟೇ ಪ್ರಮಾಣದಲ್ಲಿ ಕೆಂಪುಕಣಗಳ ಪಾಲೂ ಇಳಿಯುತ್ತದೆ, ಎರಡರ ಅನುಪಾತ ಅಲುಗುವುದಿಲ್ಲ. ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿಯನ್ನು, ಅಂದರೆ ಟೂರ್ನಿಕೆಯನ್ನು, ನಿಮಿಷಕ್ಕಿಂತ ಹೆಚ್ಚು ಕಾಲ ಬಿಗಿದಿದ್ದರೆ ಎರಡೂ ಒಟ್ಟಿಗೆ ಏರುತ್ತವೆ. ಟ್ಯೂಬನ್ನು ಸರಿಯಾಗಿ ಕಲಸದೆ ಮೇಲಿನ ಪದರದಿಂದ ತೆಗೆದರೆ ಎರಡೂ ಒಟ್ಟಿಗೆ ಬೀಳುತ್ತವೆ. ನಿಂತವರಿಗಿಂತ ಮಲಗಿದವರಲ್ಲಿ ಎರಡೂ ಕಡಿಮೆ, ಏಕೆಂದರೆ ನಿಂತಾಗ ಪ್ಲಾಸ್ಮಾದ, ಅಂದರೆ ರಕ್ತದ ದ್ರವಭಾಗದ, ನೀರಿನಂಶ ರಕ್ತನಾಳದಿಂದ ಹೊರಸರಿಯುತ್ತದೆ. ಇವೆಲ್ಲವೂ ಮೂರರ ಲೆಕ್ಕಕ್ಕೆ ಸಿಗದೆ ಪಾರಾಗುವ ತಪ್ಪುಗಳು.

ಸಿಗುವವು ಬೇರೆ. ಕೊಬ್ಬಿನಿಂದ ರಕ್ತದ ಪ್ಲಾಸ್ಮಾ ಹಾಲಿನಂತಾಗಿದ್ದರೆ ಬೆಳಕು ಚದುರಿ ಹಿಮೋಗ್ಲೋಬಿನ್ ಮಾತ್ರ ಸುಳ್ಳಾಗಿ ಏರುತ್ತದೆ. ಕೆಂಪುಕಣಗಳು ಒಡೆದಿದ್ದರೆ ಹಿಮೋಗ್ಲೋಬಿನ್ ದ್ರವದಲ್ಲೇ ಉಳಿದು ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಆದರೆ ಹೆಮಟೋಕ್ರಿಟ್ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿಗೆ ಗುರುತಿನವರೆಗೆ ರಕ್ತ ತುಂಬದೆ ಅರ್ಧಕ್ಕೇ ಬಿಟ್ಟರೆ, ಹೆಚ್ಚಾದ ಇಡಿಟಿಎ ಕಣಗಳನ್ನು ಕುಗ್ಗಿಸಿ, ನಳಿಕೆಯನ್ನು ತಿರುಗಿಸಿ ಓದುವ ಪಿಸಿವಿಯನ್ನು ತಗ್ಗಿಸುತ್ತದೆ.

ಪಿಸಿವಿ ಓದುವ ಕೆಲಸ ನನಗೆ ಇಷ್ಟ. 75 ಮಿಲಿಮೀಟರ್ ಉದ್ದದ ನಳಿಕೆಯನ್ನು ಮುಕ್ಕಾಲು ಪಾಲು ತುಂಬಿಸಿ, ಹೊರಗಿನ ರಕ್ತ ಒರೆಸಿ, ಒಂದು ತುದಿಯನ್ನು ಸೀಲಿಂಗ್ ಮಣ್ಣಿಗೆ ನೇರವಾಗಿ ಒತ್ತಿ ತುಸು ತಿರುಗಿಸಿ ತೆಗೆಯಬೇಕು. ಓರೆಯಾಗಿ ಒತ್ತಿದರೆ ಸೀಲು ಸೊಟ್ಟಗಾಗಿ ಕೆಳಗಿನ ಗೆರೆ ಎಲ್ಲಿದೆ ಎಂದು ಹೇಳುವುದೇ ಕಷ್ಟವಾಗುತ್ತದೆ. ಸೀಲಿನ ತುದಿ ನಳಿಕೆಗಳನ್ನು ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜಿನ ಹೊರ ಅಂಚಿನ ರಬ್ಬರಿಗೆ ತಾಗಿರಬೇಕು, ಎದುರಿನ ಜಾಗದಲ್ಲಿ ಜೋಡಿ ನಳಿಕೆ ಇರಬೇಕು. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತಿನಲ್ಲಿ 5 ನಿಮಿಷ ತಿರುಗಿದ ಮೇಲೆ ಕೆಳಗೆ ಕಡುಗೆಂಪು ಕಂಬ, ಮೇಲೆ ಹುಲ್ಲುಬಣ್ಣದ ಪ್ಲಾಸ್ಮಾ, ನಡುವೆ ಬಿಳಿಕಣಗಳ ಕೂದಲೆಳೆಯಷ್ಟು ಬೂದು ಪಟ್ಟಿ ಕಾಣುತ್ತದೆ. ಓದಬೇಕಾದದ್ದು ಆ ಪಟ್ಟಿಯ ಕೆಳಗಿನ ಅಂಚಿನವರೆಗೆ. ಹೊಸಬರು ಪಟ್ಟಿಯನ್ನೂ ಸೇರಿಸಿ ಓದುತ್ತಾರೆ, ನಾನೂ ಓದಿದ್ದೇನೆ. ರಕ್ತಕಣಗಳನ್ನು ಎಣಿಸುವ ಸ್ವಯಂಚಾಲಿತ ಯಂತ್ರ ಕೊಡುವ ಹೆಮಟೋಕ್ರಿಟ್ ಹೀಗೆ ತಿರುಗಿಸಿ ಪಡೆದದ್ದಲ್ಲ. ಅದು ಕಣಗಳ ಸಂಖ್ಯೆಯನ್ನೂ ಸರಾಸರಿ ಗಾತ್ರವನ್ನೂ ಗುಣಿಸಿ ಹೇಳುತ್ತದೆ. ತಿರುಗಿಸಿದ ಕಂಬದಲ್ಲಿ ಕಣಗಳ ನಡುವೆ ಸ್ವಲ್ಪ ಪ್ಲಾಸ್ಮಾ ಸಿಕ್ಕಿಕೊಂಡಿರುವುದರಿಂದ ಅದು ಯಂತ್ರದ ಅಂಕಿಗಿಂತ ತುಸು ಮೇಲೆಯೇ ನಿಲ್ಲುತ್ತದೆ. ಒಂದೇ ಅಧ್ಯಯನದಲ್ಲಿ ಅರ್ಧ ಜನರಿಗೆ ಇದು, ಅರ್ಧ ಜನರಿಗೆ ಅದು ಎಂದು ಮಾಡುವುದಕ್ಕಿಂತ ಅಳೆಯದೇ ಇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಬೆರಳಿನ ಮೀಟರ್ ಮತ್ತು ಲ್ಯಾಬಿನ ಫೋಟೋಮೀಟರ್, ಈ ಎರಡು ಸಾಧನಗಳ ಹಿಮೋಗ್ಲೋಬಿನ್ ಅಂಕಿಗಳು ಹೊಂದುತ್ತವೆಯೇ ಎಂದು ನೋಡಲು ನಾನು ಮೊದಲು ಸಹಸಂಬಂಧದ ಅಂಕಿ, ಅಂದರೆ ಎರಡೂ ಒಟ್ಟಿಗೆ ಏರಿಳಿಯುತ್ತವೆಯೇ ಎಂದಷ್ಟೇ ಹೇಳುವ ಅಂಕಿ ತೆಗೆದು, ಅದು ಒಂದರ ಹತ್ತಿರ ಇದೆಯೆಂದು ಹಿಗ್ಗಿದ್ದೆ. ನಮ್ಮ ಸಂಖ್ಯಾಶಾಸ್ತ್ರದ ಮಾರ್ಗದರ್ಶಕರು ಆ ಹಾಳೆಯನ್ನು ಹಿಂದಿರುಗಿಸಿ, ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿದಂತೆ ಪ್ರತಿ ಜೋಡಿಯ ವ್ಯತ್ಯಾಸವನ್ನು ಅವುಗಳ ಸರಾಸರಿಯೆದುರು ಗುರುತಿಸಲು ಹೇಳಿದರು. ಗುರುತಿಸಿದಾಗ ಬೆರಳಿನ ಓದುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ವಾಲಿದ್ದವು. ಗರ್ಭಿಣಿಯಲ್ಲದ ಹೆಂಗಸರಿಗೆ ರಕ್ತಹೀನತೆಯ ಗೆರೆ 12 ಗ್ರಾಂ. ನಮ್ಮ ಹೆಂಗಸರಲ್ಲಿ ಬಹಳ ಮಂದಿ ಆ ಗೆರೆಯ ಆಚೀಚೆಯೇ ಇದ್ದುದರಿಂದ ಅರ್ಧ ಗ್ರಾಂ ವಾಲಿದರೂ ಒಂದು ಕಾರ್ಖಾನೆಯ ಫಲಿತಾಂಶವೇ ಬದಲಾಗುತ್ತಿತ್ತು. ದೇಶದ ಸಮೀಕ್ಷೆಗಳಲ್ಲೂ ಇದೇ ತಕರಾರು: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನ ರಕ್ತವನ್ನು ಅವಲಂಬಿಸಿತ್ತು, ಮಕ್ಕಳ ಪೋಷಣೆಯ ಕುರಿತ 2016-18ರ ರಾಷ್ಟ್ರೀಯ ಸಮೀಕ್ಷೆ ಅಭಿಧಮನಿಯ ರಕ್ತವನ್ನು ಬಳಸಿತು. ವಿಶ್ವ ಆರೋಗ್ಯ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಅಭಿಧಮನಿಯ ರಕ್ತ ಮತ್ತು ಸ್ವಯಂಚಾಲಿತ ಯಂತ್ರವನ್ನೇ ಎತ್ತಿಹಿಡಿದಿದೆ. ನಾವು ಮುಂದೆ ಎಲ್ಲರನ್ನೂ ಕಾಲು ಗಂಟೆ ಕೂರಿಸಿ, ತೋಳಿನಿಂದಲೇ ರಕ್ತ ತೆಗೆದೆವು. ಬೆರಳಿನ ಹಳೆಯ ಓದುಗಳನ್ನು ವಿಶ್ಲೇಷಣೆಯಿಂದ ಕೈಬಿಟ್ಟೆವು.

ಜೂನ್ ಬಂದ ಮೇಲೆ ಇನ್ನೊಂದು ಪಾಠ. ಬೆರಳಿನ ಮೀಟರನ್ನು ಆಗಲೂ ಗರ್ಭಿಣಿಯರ ಶಿಬಿರಗಳಿಗೆ ಬಳಸುತ್ತಿದ್ದೆವು. ಮಳೆಯ ದಿನ ಕ್ಯುವೆಟ್ಟಿನ ಡಬ್ಬಿಯ ಮುಚ್ಚಳವನ್ನು ನಾನೇ ತೆರೆದಿಟ್ಟು ಹೆಸರು ಬರೆಯುತ್ತಾ ಕೂತೆ. ಒಳಗಿನ ಒಣ ರಾಸಾಯನಿಕ ಕರಾವಳಿಯ ತೇವವನ್ನು ಹೀರಿಕೊಂಡಿತ್ತು. ಮಧ್ಯಾಹ್ನ ಒಂದೇ ನಿಯಂತ್ರಣ ರಕ್ತಕ್ಕೆ, ಅಂದರೆ ಅಂಕಿ ಮೊದಲೇ ಗೊತ್ತಿರುವ ಮಾದರಿಗೆ, ಮೂರು ಕ್ಯುವೆಟ್ಟುಗಳು ಮೂರು ಅಂಕಿ ತೋರಿಸಿದವು. ಇಡೀ ಡಬ್ಬಿಯನ್ನು ಎಸೆದೆ. ಆಮೇಲೆ ಒಂದು ಕ್ಯುವೆಟ್ ತೆಗೆದ ಕೂಡಲೇ ಮುಚ್ಚಳ ಹಾಕುವುದು ಕೈಗೆ ಅಭ್ಯಾಸವಾಯಿತು. ಟ್ಯೂಬುಗಳನ್ನು ಹಿರಿಯಡಕದ ಮೂಲಕ ಉಡುಪಿಗೆ ತರುವ ದಾರಿಯಲ್ಲಿ ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಕಣ ಒಡೆಯುತ್ತದೆಂದು ನಡುವೆ ಬಟ್ಟೆ ಹಾಸುತ್ತಿದ್ದೆ. ತಲುಪಿದ ಮೇಲೆ ಪ್ರತಿಯೊಂದನ್ನೂ ಕುಲುಕದೆ, ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡುತ್ತಿದ್ದೆ. ಹಿಮೋಗ್ಲೋಬಿನ್ ಮರುದಿನದವರೆಗೂ ನಿಲ್ಲುತ್ತದೆ, ಆದರೆ ಹೊತ್ತು ಕಳೆದಂತೆ ಕಣಗಳು ಉಬ್ಬುವುದರಿಂದ ಹೆಮಟೋಕ್ರಿಟ್ಟನ್ನು ಅದೇ ದಿನ ಓದಿ ಮುಗಿಸುತ್ತಿದ್ದೆ.

ಎರಡನೆಯ ವರ್ಷ ಒಬ್ಬರ ಸಾಲಿಗೆ ದಪ್ಪ ಕೆಂಪು ಗೆರೆ ಬಿತ್ತು: ಹಿಮೋಗ್ಲೋಬಿನ್ 7.8, ಪಿಸಿವಿ 27. ಮೂರರಿಂದ ಗುಣಿಸಿದರೆ 23.4 ಆಗಬೇಕಿತ್ತು. ನಳಿಕೆ ಸರಿಯಾಗಿ ತಿರುಗಿಲ್ಲವೆಂದು ಮತ್ತೆ ತಿರುಗಿಸಿದೆ, ಡ್ರಾಬ್ಕಿನ್ ದ್ರಾವಣವನ್ನು ಹೊಸದಾಗಿ ಅಳೆದೆ, ಅಂಕಿ ಕದಲಲಿಲ್ಲ. ಸ್ಲೈಡ್ ಮಾಡಿ ನೋಡಿದಾಗ ಕಣಗಳು ಸಣ್ಣದಾಗಿ, ನಡುವೆ ಪೇಲವವಾಗಿ ಉಂಗುರದಂತೆ ಕಂಡವು; ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ತೀರಾ ಕಡಿಮೆ ಬಂತು. ಪ್ರತಿ ಕಣದಲ್ಲೂ ಹಿಮೋಗ್ಲೋಬಿನ್ ಕಡಿಮೆಯಿರುವಾಗ ಮೂರರ ಲೆಕ್ಕ ಹೊಂದದಿರುವುದೇ ಸರಿ. ಲೆಕ್ಕ ಹಿಡಿದುಕೊಟ್ಟದ್ದು ನಿಜ ಹೇಳಿದ ಮಾದರಿಯನ್ನು, ಹಾಗೇ ಬಿಟ್ಟದ್ದು ನಾನು ಹಿಂಡಿದ ಬೆರಳುಗಳನ್ನು. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು, ಕಬ್ಬಿಣದ ಮಾತ್ರೆ ಶುರುವಾಯಿತು. ಮೂರು ತಿಂಗಳ ನಂತರ ಅದೇ ಸಾಲಿನ ಕೆಳಗೆ 11.7 ಮತ್ತು 36 ಎಂದು ಬರೆದೆ. ಮೇಲಿನ ಕೆಂಪು ಗೆರೆಯನ್ನು ಅಳಿಸಲಿಲ್ಲ.