ಐದನೇ ಫ್ರೆಟ್‌ನಲ್ಲಿ ಸಾಯುವ ‘ಸಿ’

“ಏನಣ್ಣ, ಎರಡು ತಂತಿ ಕಿತ್ತೋಗಿದ್ಯಾ?”

ತುಮಕೂರಿನ ಯಾವ ಗಣೇಶನ ಪೆಂಡಾಲ್‌ಗೆ ಬೇಸ್ ಗಿಟಾರ್ ಹೊತ್ತು ಹೋದರೂ ಒಬ್ಬರಾದರೂ ಹೀಗೆ ಕೇಳುತ್ತಾರೆ. ಇಲ್ಲಪ್ಪ, ಆರು ತಂತಿ ಮಾಮೂಲಿ ಗಿಟಾರ್‌ಗೆ. ಕೆಳಗಿನ ಸ್ವರಗಳನ್ನ ನುಡಿಸೋ ಇದಕ್ಕಿರೋದೇ ನಾಲ್ಕು. ದಪ್ಪದ್ದರಿಂದ ಸಣ್ಣದಕ್ಕೆ ಅವುಗಳ ಹೆಸರು ಇ, ಎ, ಡಿ, ಜಿ.

ಕೊಂಡಿದ್ದು 2009ರಲ್ಲಿ, 4,000 ರೂಪಾಯಿಗೆ. ಮಾರಿದವರು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಹಿರಿಯರು. ಕೀಬೋರ್ಡ್‌ನವನೇ ಎಡಗೈಯಲ್ಲಿ ಬೇಸ್ ಬಾರಿಸುವಾಗ ಇನ್ನೊಬ್ಬನಿಗೆ ಯಾಕೆ ದುಡ್ಡು ಅಂತ ಅವರನ್ನು ಕರೆಯುವುದೇ ನಿಂತಿತ್ತು. ಗಿಟಾರ್ ಮೇಲಿನ ಕಂಪನಿ ಹೆಸರು ಅಳಿಸಿಹೋಗಿತ್ತು. ವಾಲ್ಯೂಮ್ ತಿರುಗಿಸಿದರೆ ಸಾಸಿವೆ ಸಿಡಿದ ಹಾಗೆ ಚಟಪಟ. ಒಂದು ವರ್ಷ ಕೈ ಪಳಗಿಸಿಕೊಂಡು ಹೊಸದು ತಗೊಳ್ಳೋಣ ಅಂತಲೇ ತಂದಿದ್ದೆ.

ತಂತಿಗಳು ಫ್ರೆಟ್‌ನಿಂದ, ಅಂದರೆ ಗಿಟಾರಿನ ಉದ್ದ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ, ಎಷ್ಟು ಮೇಲಿದ್ದವೆಂದರೆ ಒಂದೇ ಹಾಡಿಗೆ ಬೆರಳು ಉರಿಯುತ್ತಿತ್ತು. ದರಿದ್ರದ ಗಿಟಾರ್ ಅಂತ ಬೈದೆ. ತಪ್ಪು ಅದರದ್ದಲ್ಲ. ನಾಲ್ಕು ತಂತಿ ಸೇರಿ ಆ ಕತ್ತನ್ನು, ಅಂದರೆ ನೆಕ್ಕನ್ನು, ಹತ್ತಿರ ಹತ್ತಿರ 80 ಕೆಜಿ ಬಲದಿಂದ ಎಳೆಯುತ್ತವೆ. ಅದಕ್ಕೆ ಎದುರಾಗಿ ನೆಕ್ಕಿನೊಳಗೆ ಟ್ರಸ್ ರಾಡ್ ಅನ್ನುವ ಸರಳು ಇರುತ್ತದೆ. ಅದು ಸಡಿಲವಾಗಿತ್ತು, ಅಷ್ಟೇ. ಅಲೆನ್ ಕೀ ಹಾಕಿ ಕಾಲು ಸುತ್ತು ಬಿಗಿದು, ಒಂದು ರಾತ್ರಿ ಬಿಟ್ಟು ನೋಡಿದೆ. ಮತ್ತೆ ಕಾಲು ಸುತ್ತು. ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ತಂತಿ ಒತ್ತಿ ಹಿಡಿದರೆ ಏಳನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಸಾಕು. ಅವಸರ ಮಾಡಬೇಡಿ, ರಾಡ್ ಮುರಿದರೆ ನೆಕ್ಕೇ ಹೋಯ್ತು. ಆಮೇಲೆ ತಂತಿ ಕೂರುವ ಸ್ಯಾಡಲ್ ಇಳಿಸಿದೆ. ವಾಲ್ಯೂಮ್‌ಗೆ ಎರಡು ಸಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಚಟಪಟ ನಿಂತಿತು.

ಒಂದು ಕಾಯಿಲೆ ಮಾತ್ರ ವಾಸಿಯಾಗಲಿಲ್ಲ. ಜಿ ತಂತಿಯ ಐದನೇ ಫ್ರೆಟ್‌ನಲ್ಲಿ ಬರುವ ‘ಸಿ’ ಸ್ವರ ಹುಟ್ಟಿದ ಕ್ಷಣವೇ ಸಾಯುತ್ತದೆ. ತಂತಿ ಬದಲಿಸಿದರೂ ಅಷ್ಟೇ. ಇದಕ್ಕೆ ಡೆಡ್ ಸ್ಪಾಟ್ ಅಂತಾರೆ. ಆ ಸ್ವರದ ಕಂಪನಕ್ಕೆ ನೆಕ್ಕೂ ನಡುಗಿ ತಂತಿಯ ಶಕ್ತಿಯನ್ನೆಲ್ಲ ಕುಡಿದುಬಿಡುತ್ತದೆ. ದುಬಾರಿ ಬೇಸ್‌ಗಳಲ್ಲೂ ಇದು ಉಂಟು. ಗಿಟಾರಿನ ತಲೆಗೆ ಭಾರ ಹಾಕಿದರೆ ಜಾಗ ಬದಲಾಗುತ್ತದೆ ಅಂತ ಪಕ್ಕದ ಬಡಗಿ ಅಣ್ಣನ ಹತ್ತಿರ ಸಿ-ಕ್ಲ್ಯಾಂಪ್ ತಂದು ಬಿಗಿದೆ. ಬದಲಾಯ್ತು, ನಾಲ್ಕನೇ ಫ್ರೆಟ್‌ಗೆ! ಮೇಲೆ ಎಡಭುಜದ ನೋವು ಬೇರೆ. ಕ್ಲ್ಯಾಂಪ್ ವಾಪಸ್ ಕೊಡುವಾಗ ಅಣ್ಣ ನಕ್ಕರು: “ಗಂಟಿರೋ ಕಡೆ ನಾವು ಮೊಳೆ ಹೊಡೀತೀವೇನೋ? ಪಕ್ಕದಲ್ಲಿ ಹೊಡೀತೀವಿ.”

ಪಕ್ಕಕ್ಕೆ ಹೋದೆ. ಅದೇ ‘ಸಿ’ ಡಿ ತಂತಿಯ ಹತ್ತನೇ ಫ್ರೆಟ್‌ನಲ್ಲೂ ಸಿಗುತ್ತದೆ, ಇನ್ನೂ ದುಂಡಗೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನದು ಎ ತಂತಿಯ ಮೂರನೇ ಫ್ರೆಟ್‌ನಲ್ಲಿದೆ. ಮೊದಲೆಲ್ಲ ಜನಕ್ಕೆ ಕೇಳಲಿ ಅಂತ ಮೇಲಿನ ಸ್ವರದ ತಂತಿಗಳಲ್ಲೇ ಓಡಾಡುತ್ತಿದ್ದೆ. ಈಗ ಕೆಳಗಿನ ಸ್ವರಗಳಲ್ಲೇ ಕೂತು, ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಜೊತೆ ಹೆಜ್ಜೆ ಹಾಕುತ್ತೇನೆ. ಹೊಸ ಗಿಟಾರ್ ಆಗಿದ್ದರೆ ಇದನ್ನು ಕಲಿಯುತ್ತಿದ್ದೆನೋ ಇಲ್ಲವೋ.

ಹೋದ ಗಣೇಶನಿಗೆ ನಮ್ಮ ಕೀಬೋರ್ಡ್‌ನವನು ಎರಡನೇ ಹಾಡಿಗೇ ಎಡಗೈ ತೆಗೆದು ಚಹಾ ಲೋಟ ಹಿಡಿದ. “ಕೆಳಗಡೆ ನೀನೇ ನೋಡ್ಕೊ ಗುರು” ಅಂದ.

ಇ ತಂತಿಯ ಬಿರಟೆ ಈಚೆಗೆ ಸ್ವಲ್ಪ ಜಾರುತ್ತಿದೆ. ಮುಂದಿನ ಪ್ರೋಗ್ರಾಂ ಒಳಗೆ ಅದರ ಸ್ಕ್ರೂ ಬಿಗಿ ಮಾಡಬೇಕು.